ನೀಲಿ ಗುಳಿಗೆಯಲ್ಲಿ ಕಬ್ಬಿಣ ಮಾತ್ರವಲ್ಲ

ವಾರಕ್ಕೊಂದು ನೀಲಿ ಗುಳಿಗೆ ಹಂಚುವ ಕೆಲಸ ನಿಮ್ಮ ಪಾಲಿಗೂ ಬಂದಿರಬೇಕು. 10ರಿಂದ 19 ವರ್ಷದ ಮಕ್ಕಳಿಗೆ ಕೊಡುವ ಇದನ್ನು ನಾವೆಲ್ಲ ಕಬ್ಬಿಣದ ಗುಳಿಗೆ ಅಂತಲೇ ಕರೆಯುತ್ತೇವೆ. ಆದರೆ ಅದರಲ್ಲಿ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇದೆ. ಅದೇ ಬಿ9 ವಿಟಮಿನ್. ಕರಪತ್ರ ಬಂದರೆ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಇರುತ್ತೆ. ಮನೆಯವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬೇಕಾದವರು ನಾವೇ.

ಇದರ ಕಥೆ ಶುರುವಾಗಿದ್ದು ಮುಂಬಯಿಯಲ್ಲಿ. 1928ರಲ್ಲಿ ಅಲ್ಲಿಗೆ ಬಂದ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್, ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ರಕ್ತಹೀನತೆಯ ಬೆನ್ನು ಹತ್ತಿದರು. ಅವರ ಕೆಂಪು ರಕ್ತಕಣಗಳು ಕಡಿಮೆ, ಇದ್ದವೂ ವಿಪರೀತ ದೊಡ್ಡವು. ಯೀಸ್ಟಿನ ಸಾರ ತಿನ್ನಿಸಿದಾಗ ರೋಗಿಗಳು ಚೇತರಿಸಿಕೊಂಡರು. ಆ ಸಾರದಲ್ಲಿ ಏನಿತ್ತು? 1941ರಲ್ಲಿ ಅಮೆರಿಕದ ವಿಜ್ಞಾನಿಗಳು ರಾಶಿ ರಾಶಿ ಪಾಲಕ್ ಸೊಪ್ಪಿನಿಂದ ಚೂರೇ ಚೂರು ವಸ್ತು ಬೇರ್ಪಡಿಸಿ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ‘ಫೋಲಿಯಂ’ ಅಂದರೆ ಎಲೆ.

ಕಣ ದೊಡ್ಡದಾಗೋದು ಯಾಕೆ? ಜೀವಕೋಶ ಎರಡಾಗುವ ಮೊದಲು ಡಿಎನ್‌ಎ ನಕಲಾಗಬೇಕು, ಅದಕ್ಕೆ ಫೋಲೇಟ್ ಬೇಕು. ಇಲ್ಲದಿದ್ದರೆ ಕೋಶ ಉಬ್ಬುತ್ತದೆ, ಹೊತ್ತಿಗೆ ಸರಿಯಾಗಿ ಒಡೆಯುವುದಿಲ್ಲ. ಕೋಶ ವಿಭಜನೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅಮೆರಿಕದಲ್ಲಿ ಫೋಲಿಕ್ ಆಮ್ಲ ತಯಾರಿಸಿದ ತಂಡದ ಮುಂದಾಳು. ಅದೇ ತಂಡ ಫೋಲೇಟಿಗೆ ಅಡ್ಡಗಾಲು ಹಾಕುವ ವಸ್ತುಗಳನ್ನೂ ಮಾಡಿತು. ಅವುಗಳಲ್ಲೊಂದನ್ನು ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರಿನ ಮಕ್ಕಳಿಗೆ ಕೊಟ್ಟಾಗ ಕಾಯಿಲೆ ಸ್ವಲ್ಪ ಕಾಲವಾದರೂ ಹಿಮ್ಮೆಟ್ಟಿತು. ಆದವಾನಿ, ರಾಯದುರ್ಗ, ಮಡಕಶಿರಾದ ಮೇಷ್ಟ್ರುಗಳು ಈ ಹೆಸರನ್ನು ತರಗತಿಯಲ್ಲಿ ಹೇಳಲೇಬೇಕು!

ಈಗ ಹೆಣ್ಣುಮಕ್ಕಳ ವಿಷಯ. ಮೆದುಳು, ಬೆನ್ನುಹುರಿ ಆಗುವ ನಾಳ ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಎಷ್ಟೋ ಮಂದಿಗೆ ಆಗಿನ್ನೂ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಮುಚ್ಚದೇ ಹೋದರೆ ಮಗು ಬೆನ್ನುಹುರಿಯ ದೋಷದಿಂದ ಹುಟ್ಟಬಹುದು. ಹಿಂದೆ ಅಂಥ ಮಗು ಹೆತ್ತಿದ್ದ ತಾಯಂದಿರಲ್ಲಿ ಗರ್ಭಕ್ಕೆ ಮೊದಲೇ ಫೋಲಿಕ್ ಆಮ್ಲ ಶುರುಮಾಡಿದರೆ ದೋಷ ಸುಮಾರು 72% ಕಡಿಮೆಯಾಗುತ್ತದೆಂದು 1991ರ ಬ್ರಿಟಿಷ್ ಪ್ರಯೋಗ ತೋರಿಸಿತು. ವಾರದ ಗುಳಿಗೆ ಇದಕ್ಕೆ ಸಾಲದು. ಮಗು ಬೇಕೆನ್ನುವವರಿಗೆ ದಿನಾ 400 ಮೈಕ್ರೋಗ್ರಾಂ ಬೇಕು. ನಮ್ಮ ಶಾಲೆ ಬಿಟ್ಟು ಹೋಗುವ ಹುಡುಗಿಯರಿಗೆ ಇದನ್ನು ಮೊದಲೇ ಹೇಳಿಡೋಣ.

“ಟೀಚರೇ, ಇದು ಮುಂದೆ ಮಕ್ಕಳಾಗದ ಹಾಗೆ ಮಾಡೋ ಗುಳಿಗೆಯಂತೆ, ಹೌದಾ?” ಅಂತ ಯಾರಾದರೂ ತಾಯಿ ಕೇಳಿದರೆ ಗದರಿಸಬೇಡಿ. ಮೇಲಿನದನ್ನೇ ಹೇಳಿ. ಮಲ ಕಪ್ಪಾಗೋದು ಕಬ್ಬಿಣದಿಂದ, ಹೆದರಬೇಕಿಲ್ಲ ಅಂತಲೂ ಹೇಳಿ. ಹೊಟ್ಟೆ ತೊಳಸದ ಹಾಗೆ ಊಟವಾದ ಮೇಲೆಯೇ ಕೊಡಿ, ಚಹಾದ ಜೊತೆ ಬೇಡ.

ಒಂದು ಎಚ್ಚರ. ಬಿ12 ಕೊರತೆಯಿದ್ದವರು ಫೋಲಿಕ್ ಆಮ್ಲವನ್ನಷ್ಟೇ ದೊಡ್ಡ ಪ್ರಮಾಣದಲ್ಲಿ ನುಂಗಿದರೆ ರಕ್ತ ಸರಿಹೋದಂತೆ ಕಾಣುತ್ತದೆ, ಒಳಗೆ ನರಗಳು ಮಾತ್ರ ಹಾಳಾಗುತ್ತಿರುತ್ತವೆ. ಕೈಕಾಲು ಜೋಮು ಹಿಡಿಯುತ್ತೆ ಎನ್ನುವವರು ಅಂಗಡಿಯಿಂದ ತಂದು ನುಂಗದೆ ವೈದ್ಯರನ್ನು ಕಾಣಲಿ.

ಬಿಸಿಯೂಟದ ಅಡುಗೆಯವರಿಗೂ ಒಂದು ಮಾತು: ಹೆಸರುಕಾಳು, ಕಡಲೆ, ಸೊಪ್ಪಿನಲ್ಲಿ ಫೋಲೇಟ್ ಧಾರಾಳ. ಆದರೆ ಅದು ನೀರಿಗೆ ಬಿಟ್ಟುಕೊಳ್ಳುತ್ತೆ, ಹೆಚ್ಚು ಕುದಿಸಿದರೆ ನಾಶವಾಗುತ್ತೆ. ಸೊಪ್ಪು ಬೇಯಿಸಿದ ನೀರನ್ನು ಬಸಿದು ಚೆಲ್ಲದೆ ಸಾರಿಗೆ ಸೇರಿಸಲಿ.