ಲಂಡನ್ನಿನ ಬೀದಿಯಲ್ಲಿ ಟ್ರಿನಿಡಾಡಿನ ಜಾತ್ರೆ

ಪರಸ್ಥಳಕ್ಕೆ ಹೋಗಿ ದುಡಿಯುವವನಿಗೆ ಮೊದಲು ಎದುರಾಗುವ ಚಿಂತೆ ಕೋಣೆಯದು. ನೌಕರಿ ಸಿಕ್ಕಿದರೂ ಮೈಚಾಚಲು ಮೂಲೆ ಸಿಕ್ಕದೆ ಅಲೆದ ಅನುಭವ ನಮ್ಮ ವಾಚಕ ಬಂಧುಗಳಿಗೆ ಹೊಸದಲ್ಲ. ಎರಡನೆಯ ಮಹಾಯುದ್ಧದ ತರುವಾಯ ವೆಸ್ಟ್ ಇಂಡೀಸ್ ದ್ವೀಪಗಳಿಂದ ಲಂಡನ್ನಿಗೆ ಬಂದ ಕಪ್ಪು ಜನರಿಗೆ ಆ ಚಿಂತೆಯೊಡನೆ ಮೈಬಣ್ಣದ ಚಿಂತೆಯೂ ಕೂಡಿಕೊಂಡಿತು. ಬಸ್ಸು ನಡೆಸಲು, ರೋಗಿಗಳ ಶುಶ್ರೂಷೆ ಮಾಡಲು ಅವರು ಬೇಕು, ಬಾಡಿಗೆದಾರರಾಗಿ ಬೇಡ! ನಾಟಿಂಗ್ ಹಿಲ್‌ನಂತಹ ಬಡಾವಣೆಗಳ ಹಳೆಯ ಮನೆಗಳಲ್ಲಿ, ಅದೂ ದುಬಾರಿ ಬಾಡಿಗೆ ತೆತ್ತು, ಅವರು ನೆಲೆಸಬೇಕಾಯಿತು.

1958ರ ಆಗಸ್ಟ್ ಕೊನೆಯಲ್ಲಿ ಬಿಳಿಯ ತರುಣರ ಗುಂಪುಗಳು ಅಲ್ಲಿಯೂ ಅವರನ್ನು ಬೆನ್ನಟ್ಟಿ ಹೊಡೆದವು. ದಾಂಧಲೆ ಹಲವು ರಾತ್ರಿಗಳವರೆಗೆ ನಡೆಯಿತು. ಇದಕ್ಕೆ ಉತ್ತರ ಬಂದದ್ದು ಒಂದು ಪತ್ರಿಕಾ ಕಚೇರಿಯಿಂದ. ಟ್ರಿನಿಡಾಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಕಮ್ಯುನಿಸ್ಟ್ ಎಂಬ ಕಾರಣಕ್ಕೆ ಸೆರೆವಾಸ ಅನುಭವಿಸಿ 1955ರಲ್ಲಿ ಗಡೀಪಾರಾಗಿದ್ದ ಕ್ಲಾಡಿಯಾ ಜೋನ್ಸ್ ಎಂಬ ಮಹಿಳೆ ಆ ವರ್ಷವೇ ವಲಸಿಗರಿಗಾಗಿ 'ವೆಸ್ಟ್ ಇಂಡಿಯನ್ ಗೆಜೆಟ್' ಪತ್ರಿಕೆಯನ್ನು ಆರಂಭಿಸಿದ್ದರು. ನೊಂದ ಜನರಿಗೆ ತಮ್ಮ ಊರಿನ ಹಬ್ಬವನ್ನೇ ಕೊಡಬೇಕೆಂದು ಅವರು ನಿಶ್ಚಯಿಸಿದರು. 1959ರ ಜನವರಿ 30ರಂದು, ಕೊರೆಯುವ ಚಳಿಯಲ್ಲಿ, ಸೇಂಟ್ ಪ್ಯಾಂಕ್ರಾಸ್ ಪುರಭವನದೊಳಗೆ ಹಾಡು, ಕುಣಿತ, ವೇಷಗಳ ಕಾರ್ನಿವಲ್ ನಡೆಯಿತು. ಗಲಭೆಯಲ್ಲಿ ಸಿಕ್ಕಿಬಿದ್ದ ಕಪ್ಪು ಹಾಗೂ ಬಿಳಿಯ ತರುಣರ ದಂಡ ಕಟ್ಟಲು ಉತ್ಪನ್ನದ ಒಂದು ಪಾಲು ಸಲ್ಲುವುದೆಂದು ಅದರ ಸ್ಮರಣ ಪುಸ್ತಿಕೆ ಸಾರಿತು. ಬಿಳಿಯರ ದಂಡವನ್ನೂ! ಈ ಔದಾರ್ಯ ನಮಗೆ ಸುಲಭವಾಗಿ ಬರುವಂಥದಲ್ಲ. ಅದೇ ಮೇ ತಿಂಗಳಲ್ಲಿ ಕೆಲ್ಸೊ ಕಾಕ್ರೇನ್ ಎಂಬ ಆಂಟಿಗುವಾದ ಬಡಗಿಯನ್ನು ನಾಟಿಂಗ್ ಹಿಲ್ಲಿನ ಬೀದಿಯಲ್ಲಿ ಇರಿದು ಕೊಲ್ಲಲಾಯಿತು; ಆ ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಕಾರ್ನಿವಲ್ಲಿಗಾದರೋ ಇನ್ನೂ ಹಳೆಯ ಚರಿತ್ರೆಯಿದೆ. ಟ್ರಿನಿಡಾಡಿನ ಫ್ರೆಂಚ್ ತೋಟದೊಡೆಯರ ವೇಷದ ಕೂಟಗಳಿಂದ ಗುಲಾಮರು ಹೊರಗೇ ಉಳಿದಿದ್ದರು. 1838ರಲ್ಲಿ ಪೂರ್ಣ ಬಿಡುಗಡೆಯಾದ ಮೇಲೆ ಅವರು ಬೀದಿಯನ್ನೇ ತಮ್ಮ ಅಂಗಳವಾಗಿಸಿಕೊಂಡರು. 1880ರ ದಶಕದಲ್ಲಿ ಸರಕಾರ ಅವರ ನಗಾರಿಗಳನ್ನು ಹತ್ತಿಕ್ಕಿತು; ಅವರು ಬಿದಿರ ತುಂಡುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. ಮುಂದೆ ಬಿಸ್ಕತ್ತಿನ ಡಬ್ಬಿ, ಎಣ್ಣೆಯ ಪೀಪಾಯಿಗಳೂ ವಾದ್ಯಗಳಾದವು. ಪೀಪಾಯಿಯ ತಳವನ್ನು ಬಡಿದು ತಗ್ಗಿಸಿ, ಒಂದೊಂದು ಭಾಗದಿಂದ ಒಂದೊಂದು ಸ್ವರ ಹೊರಡುವಂತೆ ಮಾಡಿದ 'ಸ್ಟೀಲ್ ಪ್ಯಾನ್' ಇಂದು ಆ ದೇಶದ ರಾಷ್ಟ್ರೀಯ ವಾದ್ಯ.

ಲಂಡನ್ನಿನ ಹಬ್ಬ ಬೀದಿಗಿಳಿದದ್ದು 1966ರಲ್ಲಿ. ಕ್ಲಾಡಿಯಾ ಅದನ್ನು ನೋಡಲಿಲ್ಲ. 1964ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಿದ್ದರು. ರೋನ್ ಲ್ಯಾಸ್ಲೆಟ್ ಎಂಬ ಸಮಾಜಸೇವಕಿ ಬಡಾವಣೆಯ ಎಲ್ಲ ಜನಾಂಗದ ಮಕ್ಕಳಿಗಾಗಿ ಏರ್ಪಡಿಸಿದ ಮೇಳದಲ್ಲಿ ರಸೆಲ್ ಹೆಂಡರ್ಸನ್ ಅವರ ತಂಡ ಪ್ಯಾನ್ ಬಾರಿಸುತ್ತಿದ್ದಾಗ, ಹಾಗೆಯೇ ಬೀದಿಗುಂಟ ನಡೆಯತೊಡಗಿತು; ಜನ ಹಿಂಬಾಲಿಸಿದರು. ಇಂದು ಆಗಸ್ಟಿನ ಕೊನೆಯ ಭಾನುವಾರ, ಸೋಮವಾರಗಳಂದು ಹತ್ತು ಲಕ್ಷಕ್ಕೂ ಮಿಕ್ಕಿ ಜನ ಸೇರುವ ಉತ್ಸವ ಅದು.

ಅಲ್ಲಿ ಮಾರುವ ತಿನಿಸುಗಳ ಸಾಲಿನಲ್ಲಿ ರೊಟ್ಟಿಯೂ ಉಂಟೆಂಬುದು ನಮ್ಮ ಹೋಟೆಲು ಬಂಧುಗಳಿಗೆ ರುಚಿಸೀತು. 1845ರಿಂದ ಟ್ರಿನಿಡಾಡಿನ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹೋದ ಭಾರತೀಯರು ಒಯ್ದ ಅಡಿಗೆ ಅದು. ಕರಿದ ಎರಡು 'ಬಾರಾ'ಗಳ ನಡುವೆ ಕಡಲೆಯ ಪಲ್ಯ ಇಟ್ಟ 'ಡಬಲ್ಸ್' ಕೂಡ ಅವರ ಸಂತತಿಯ ಕೈಗುಣವೇ.

ಇಷ್ಟಾದರೂ ಬೀದಿ ಸುಲಭವಾಗಿ ದಕ್ಕಿಲ್ಲ. 1976ರಲ್ಲಿ ಸುಮಾರು 3000 ಪೊಲೀಸರನ್ನು ಇಳಿಸಿದಾಗ ಉತ್ಸವ ಕಲ್ಲುತೂರಾಟದಲ್ಲಿ ಮುಗಿಯಿತು. ಕೆಲವು ವರ್ಷಗಳಲ್ಲಿ ಚೂರಿಯಿರಿತಗಳೂ ಸಾವುಗಳೂ ಆಗಿವೆ; ಅದನ್ನು ಮರೆಮಾಚಬೇಕಾಗಿಲ್ಲ. ಒಂದೊಂದೇ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದ ಆ ಮನೆಗಳು ಈಗ ಧನಿಕರ ಪಾಲಾಗಿವೆ. ಆ ಎರಡು ದಿನ ಹಲವರು ಕಿಟಕಿಗಳಿಗೆ ಹಲಗೆ ಬಡಿದು ಊರು ಬಿಡುತ್ತಾರೆ. ಹೈಡ್ ಪಾರ್ಕಿನಂತಹ ಬಯಲಿಗೆ ಉತ್ಸವವನ್ನು ಒಯ್ಯಿರೆಂಬ ಸಲಹೆ ಮತ್ತೆ ಮತ್ತೆ ಬಂದಿದೆ. ಮೆರವಣಿಗೆ ಮಾತ್ರ ಈಗಲೂ ಆ ಮನೆಗಳ ಬಾಗಿಲ ಮುಂದೆಯೇ ಸಾಗುತ್ತದೆ.