ಪಿಕಪ್‌ನ ಪ್ಲೇಟ್ ಬದಲಿಸುವ ಮುನ್ನ

ನಮ್ಮ ಮನೆಯ ಸಂಪಾದನೆ ನಿಂತಿರುವುದು ಒಂದು ಪಿಕಪ್ ಮೇಲೆ. ಅಬ್ಬ ಅದರಲ್ಲಿ ಕೆಂಪುಕಲ್ಲು ಸಾಗಿಸುತ್ತಾರೆ. ಕಳೆದ ರಜೆಯಲ್ಲಿ ಅದರ ಹಿಂದಿನ ಸ್ಪ್ರಿಂಗ್‌ನ ಪ್ಲೇಟೊಂದು ತುಂಡಾಯಿತು. ಗ್ಯಾರೇಜಿನಲ್ಲಿ ದುಡಿದು ಅನುಭವವಿರುವ ನನ್ನ ಮಾಮ ಮನೆಯಂಗಳದಲ್ಲೇ ಹೊಸ ಸ್ಪ್ರಿಂಗ್ ಹಾಕಿದರು. ನಾನು ಅವರಿಗೆ ಸಹಾಯಕನಾಗಿದ್ದೆ. ನಮ್ಮ ಕಾಲೇಜಿನ ಹಲವು ಗೆಳೆಯರ ಮನೆಗಳಲ್ಲೂ ಗೂಡ್ಸ್ ಗಾಡಿ ಇರುವುದರಿಂದ ಈ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ.

ಲೀಫ್ ಸ್ಪ್ರಿಂಗ್ ಎಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಅತಿ ಉದ್ದನೆಯದು ಮೇನ್ ಪ್ಲೇಟ್. ಅದರ ಎರಡು ತುದಿಗಳನ್ನು ಬಳೆಯಂತೆ ಸುತ್ತಿರುತ್ತಾರೆ. ಒಂದು ತುದಿ ಚಾಸಿಗೆ ಪಿನ್ನಿನಿಂದ ಸೇರಿದ್ದರೆ, ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗುವ ಕೊಂಡಿಯಲ್ಲಿರುತ್ತದೆ. ಭಾರ ಬಿದ್ದಾಗ ಬಾಗಿದ ಪಟ್ಟಿ ನೇರವಾಗಿ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಕೊಡುವುದೇ ಶ್ಯಾಕಲ್‌ನ ಕೆಲಸ.

ಇಷ್ಟು ಪಟ್ಟಿಗಳ ಬದಲು ಒಂದೇ ದಪ್ಪ ಪಟ್ಟಿ ಸಾಲದೇ? ಸಾಲದು. ಪಟ್ಟಿಯ ದಪ್ಪ ಎರಡು ಪಟ್ಟಾದರೆ ಅದನ್ನು ಅಷ್ಟೇ ಬಾಗಿಸಲು 8 ಪಟ್ಟು ಬಲ ಬೇಕು, ಅದರೊಳಗಿನ ಒತ್ತಡವೂ ಹೆಚ್ಚಿ ಬೇಗ ಮುರಿಯುತ್ತದೆ. ಅದೇ ಎರಡು ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟರೆ ಬೇಕಾಗುವ ಬಲ 2 ಪಟ್ಟು ಮಾತ್ರ. ಹೀಗೆ ಕಟ್ಟು ಭಾರವನ್ನೂ ಹೊರುತ್ತದೆ, ಬಾಗುತ್ತದೆ ಕೂಡ.

ಈಗ ಅಪಾಯದ ಮಾತು. 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮವನ್ನು ನಾವು ಪ್ರಥಮ ಪಿಯುಸಿಯಲ್ಲಿ ಓದುತ್ತೇವೆ: ಬಲ ಹೆಚ್ಚಿದಷ್ಟೇ ಸ್ಪ್ರಿಂಗ್ ಬಾಗುತ್ತದೆ. ಆದರೆ ಅದರಲ್ಲಿ ಸಂಗ್ರಹವಾಗುವ ಶಕ್ತಿ ಬಾಗಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಬಾಗು ಎರಡು ಪಟ್ಟಾದರೆ ಶಕ್ತಿ 4 ಪಟ್ಟು. ಭಾರ ಇಳಿಸದೆ ಬೋಲ್ಟ್ ಬಿಚ್ಚಿದರೆ ಆ ಶಕ್ತಿಯೆಲ್ಲ ಒಮ್ಮೆಲೇ ಹೊರಬಂದು ಕೈಕಾಲು ಮುರಿಯಬಹುದು.

ಆದ್ದರಿಂದ ಕೆಲಸಕ್ಕೆ ಕ್ರಮವಿದೆ. ಗಾಡಿ ಖಾಲಿಯಾಗಿರಬೇಕು, ನೆಲ ಸಮತಟ್ಟಾಗಿ ಗಟ್ಟಿಯಾಗಿರಬೇಕು. ಹ್ಯಾಂಡ್‌ಬ್ರೇಕ್ ಎಳೆದು ಮುಂದಿನ ಚಕ್ರಗಳಿಗೆ ಅಡ್ಡ ಕೊಡಬೇಕು. ಚಕ್ರದ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಬೇಕು. ಜಾಕಿಯನ್ನು ಆಕ್ಸಲ್‌ಗೆ ಮಾತ್ರ ಕೊಟ್ಟರೆ ಸ್ಪ್ರಿಂಗ್ ಮೇಲಿನ ಭಾರ ಹಾಗೆಯೇ ಉಳಿಯುತ್ತದೆ. ಚಾಸಿಯನ್ನೇ ಎತ್ತಿ, ಅದರ ಕೆಳಗೆ ಉಕ್ಕಿನ ಸ್ಟ್ಯಾಂಡ್‌ಗಳನ್ನು ಇಡಬೇಕು. ನಮ್ಮೂರಲ್ಲಿ ಕೆಂಪುಕಲ್ಲು ಪೇರಿಸುವವರಿದ್ದಾರೆ. ಆ ಕಲ್ಲು ಹೇಳದೆ ಕೇಳದೆ ಒಡೆಯುತ್ತದೆ. ಬರೀ ಜಾಕಿಯನ್ನು ನಂಬಿ ಗಾಡಿಯಡಿ ನುಗ್ಗುವುದಂತೂ ಜೀವದ ಜೊತೆ ಆಟ.

ಇನ್ನೊಂದು ಜಾಕಿಯಿಂದ ಆಕ್ಸಲ್‌ಗೆ ಆಧಾರ ಕೊಟ್ಟು, ಚಕ್ರ ತೆಗೆದು, ಶಾಕ್ ಅಬ್ಸಾರ್ಬರ್‌ನ ಕೆಳತುದಿ ಬಿಡಿಸಬೇಕು. ಆಮೇಲೆ ಯು ಬೋಲ್ಟ್, ಕೊನೆಗೆ ಪಿನ್ನುಗಳು. ಹೊಸ ಕಟ್ಟನ್ನು ಕೂರಿಸುವಾಗ ಅದರ ಸೆಂಟರ್ ಬೋಲ್ಟ್‌ನ ತಲೆ ಆಕ್ಸಲ್ ಮೇಲಿನ ತೂತಿನಲ್ಲಿ ಸರಿಯಾಗಿ ಕೂರಲೇಬೇಕು. ಇಲ್ಲವಾದರೆ ಆಕ್ಸಲ್ ಓರೆಯಾಗಿ ಗಾಡಿ ಒಂದು ಬದಿಗೆ ಎಳೆಯುತ್ತದೆ. ಯು ಬೋಲ್ಟ್‌ಗಳು ಹೊಸತಾಗಿರಲಿ; ಅವುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ರಬ್ಬರ್ ಬುಷ್ ಇರುವ ಪಿನ್ನುಗಳನ್ನು ಪೂರ್ತಿ ಬಿಗಿಯುವುದು ಗಾಡಿಯನ್ನು ನೆಲಕ್ಕಿಳಿಸಿದ ಮೇಲೆಯೇ. ತೂಗುತ್ತಿರುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಕೆಲವು ದಿನ ಓಡಿಸಿದ ನಂತರ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ತುಂಡಾದದ್ದು ಒಂದೇ ಕಡೆಯಾದರೂ ಮಾಮ ಎರಡೂ ಕಡೆಯ ಸ್ಪ್ರಿಂಗ್ ಬದಲಿಸಿದರು. ಹಳೆಯದು ಕುಸಿದಿರುತ್ತದೆ. ಒಂದು ಬದಿ ಹೊಸತು, ಇನ್ನೊಂದು ಬದಿ ಹಳೆಯದಾದರೆ ಗಾಡಿ ವಾಲುತ್ತದೆ.

"ಇನ್ನೊಂದು ಪ್ಲೇಟ್ ಸೇರಿಸಿದರೆ ಹೆಚ್ಚು ಕಲ್ಲು ಹಾಕಬಹುದಲ್ಲ?" ಎಂದು ಅಬ್ಬ ಕೇಳಿದರು. ಮಾಮ ಹೇಳಿದರು: "ಭಾವ, ಪ್ಲೇಟ್ ಹೊರುತ್ತದೆ. ಬ್ರೇಕ್, ಟಯರ್, ಆಕ್ಸಲ್ ಹೊರಬೇಕಲ್ಲ?" ಹೆಚ್ಚುವರಿ ಪ್ಲೇಟ್ ಹಾಕಿದರೆ ಗಾಡಿ ಕೂರುವುದು ಕಾಣಿಸದು, ಅಷ್ಟೇ. ಘಾಟಿಯ ಇಳಿಜಾರಿನಲ್ಲಿ ಅದನ್ನು ನಿಲ್ಲಿಸಬೇಕಾದದ್ದು ಹಳೆಯ ಬ್ರೇಕ್‌ಗಳೇ. ಆರ್‌ಸಿಯಲ್ಲಿ ನಮೂದಿಸಿದ ತೂಕವೇ ನಮ್ಮ ಮಿತಿ.

ಗೆಳೆಯರೇ, ಅನುಭವಿ ಮೆಕ್ಯಾನಿಕ್ ಜೊತೆಗಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಆದರೆ ವಾರಕ್ಕೊಮ್ಮೆ ಬಗ್ಗಿ ನೋಡುವುದನ್ನು ಯಾರೂ ಮಾಡಬಹುದು: ಪ್ಲೇಟ್‌ನಲ್ಲಿ ಬಿರುಕು, ಸಡಿಲವಾದ ಯು ಬೋಲ್ಟ್, ಒಂದು ಬದಿಗೆ ವಾಲಿದ ಗಾಡಿ. ಇವುಗಳಲ್ಲಿ ಯಾವುದು ಕಂಡರೂ ಅಂದು ಲೋಡ್ ಹಾಕಬೇಡಿರೆಂದು ಮನೆಯವರಿಗೆ ಹೇಳಿ.