ಕಡಲ ದಂಡೆಯಲ್ಲಿ ಒಬ್ಬರೇ

ನಮ್ಮ ಸೀಮೆಯಲ್ಲಿ ಒಬ್ಬರೇ ಊರು ಬಿಟ್ಟು ಹೊರಟರೆಂದರೆ ಅದಕ್ಕೊಂದು ಕಾರಣವಿರಲೇಬೇಕು. ಸಂತೆ, ಕೋರ್ಟು, ಆಸ್ಪತ್ರೆ, ಇಲ್ಲವೆ ನೆಂಟರ ಮನೆಯ ಸಾವು. ಇವುಗಳಲ್ಲಿ ಒಂದಾಗಿದ್ದರೆ ಯಾರೂ ಪ್ರಶ್ನಿಸುವುದಿಲ್ಲ. “ಸುಮ್ಮನೆ ಸಮುದ್ರ ನೋಡಿಕೊಂಡು, ನಾಲ್ಕು ದಿನ ಬೇರೆ ಊರಿನ ಅಡಿಗೆ ಉಂಡು ಬರುತ್ತೇನೆ” ಎಂದವರನ್ನು ಮಾತ್ರ ಮನೆಮಂದಿಯೆಲ್ಲ ಅಡಿಯಿಂದ ಮುಡಿಯವರೆಗೆ ನೋಡುವರು. ಹೊರಟವಳು ಮನೆಯೊಡತಿಯಾದರಂತೂ ಹೇಳತಕ್ಕುದೇನು? “ಮೈಯಲ್ಲಿ ಹುಷಾರಿಲ್ಲವೇ? ಯಾರಾದರೂ ಏನಾದರೂ ಅಂದರೇ?” ಎಂದು ಕೇಳುವರಲ್ಲದೆ, “ಹೋಗಿ ಬಾ” ಎನ್ನುವವರು ಅಪರೂಪ.

ಈ ಮಾತು ಹಗುರವಾಗಿ ಕಂಡರೂ ಹಗುರವಲ್ಲ. ನಮ್ಮ ಮನೆಗಳಲ್ಲಿ ಗೃಹಿಣಿಯು ಬಿಸಿ ರೊಟ್ಟಿಯನ್ನು ಬಡಿಯುವವಳೇ ಹೊರತು ಬಿಸಿ ರೊಟ್ಟಿಯನ್ನು ಉಣ್ಣುವವಳಲ್ಲ. ಎಲ್ಲರೂ ಎದ್ದ ಮೇಲೆ, ಒಲೆ ಆರಿದ ಮೇಲೆ, ಬುಟ್ಟಿಯ ತಳದಲ್ಲಿ ಉಳಿದುದು ಆಕೆಯ ಪಾಲು. ಇಪ್ಪತ್ತು ಮೂವತ್ತು ವರುಷ ಹೀಗೆಯೇ ಕಳೆದವರಿಗೆ, ತಮ್ಮ ಮುಂದೆ ಎಲೆ ಹಾಕಿ “ಇನ್ನೇನು ಬಡಿಸಲಿ?” ಎಂದು ಇನ್ನೊಬ್ಬರು ಕೇಳುವುದು ಎಷ್ಟು ವಿಚಿತ್ರವಾದ ಅನುಭವವೆಂಬುದನ್ನು ಗಂಡಸರಾದ ವಾಚಕರು ಊಹಿಸಲಾರರು. ಆ ಅನುಭವಕ್ಕಾಗಿಯೇ ನಾವು ಕಳೆದ ಚಳಿಗಾಲದಲ್ಲಿ ತಂಬ್ರಹಳ್ಳಿಯಿಂದ ಗೋಕರ್ಣಕ್ಕೆ ಒಬ್ಬರೇ ಹೋಗಿ ಐದು ದಿವಸ ಇದ್ದು ಬಂದೆವು.

ತಂಬ್ರಹಳ್ಳಿಯವರಿಗೆ ನೀರೇನು ಅಪರೂಪವೇ ಎಂದು ಕೆಲವರು ಕೇಳಬಹುದು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತಂದಿನಿಂದ ಹಿನ್ನೀರು ನಮ್ಮ ಕಡೆಯ ಹೊಲಗಳ ಅಂಚಿಗೆ ಬಂದು ನಿಲ್ಲುತ್ತದೆ. ಮಳೆಗಾಲದ ಕೊನೆಯಲ್ಲಿ ಕಣ್ಣು ಹರಿಯುವಷ್ಟು ದೂರ ನೀರೇ ನೀರು. ಆದರೆ ಆ ನೀರು ಲೆಕ್ಕಾಚಾರದ ನೀರು. ಅದರಡಿಯಲ್ಲಿ ಸುಮಾರು 90 ಹಳ್ಳಿಗಳು ಮುಳುಗಿವೆ. ದಡದಲ್ಲಿ ಕುಳಿತ ಹಿರಿಯರು ನೀರನ್ನು ನೋಡುವುದಿಲ್ಲ, ಅದರ ಕೆಳಗಿನ ಹೊಲವನ್ನು ನೋಡುತ್ತಾರೆ. ಉಳಿದವರು ಈ ವರ್ಷ ಎಷ್ಟು ಅಡಿ ತುಂಬಿತು, ಕಾಲುವೆಗೆ ಎಂದು ಬಿಡುವರು ಎಂದು ಎಣಿಸುತ್ತಾರೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಈ ಸೀಮೆಯ ಎಷ್ಟು ಮನೆಗಳಲ್ಲಿ ನಿದ್ರೆ ಹಾರಿತೆಂಬುದು ಎಲ್ಲರಿಗೂ ನೆನಪಿದೆ. ವಿಶ್ರಾಂತಿಗೆ ಬೇಕಾದುದು ಯಾರ ಲೆಕ್ಕಕ್ಕೂ ಸೇರದ ನೀರು. ಇನ್ನೊಂದು ವಿನೋದವೂ ಉಂಟು: ನಮ್ಮ ಹೊಳೆಯು ಕೃಷ್ಣೆಯನ್ನು ಕೂಡಿ ಪೂರ್ವಸಮುದ್ರಕ್ಕೆ ಹೋಗುತ್ತದೆ; ನಾವು ಮಾತ್ರ ಅದಕ್ಕೆ ಬೆನ್ನು ಮಾಡಿ ಪಡುವಣ ಕಡಲಿಗೆ ಹೊರಟೆವು.

ಹೊರಡುವ ಧೈರ್ಯಕ್ಕೆ ಒಂದು ಲೌಕಿಕ ಕಾರಣವನ್ನೂ ಹೇಳಿಬಿಡಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲದಾಯಿತು. ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಗುರುತಿನ ಚೀಟಿಯನ್ನು ಮರೆಯತಕ್ಕದ್ದಲ್ಲ. ಈ ಯೋಜನೆಯ ಖರ್ಚುವೆಚ್ಚದ ಚರ್ಚೆ ನಮ್ಮದಲ್ಲ. ಗಂಡನ ಕೈಯನ್ನೋ ಮಗನ ಕೈಯನ್ನೋ ನೋಡಿ ಬಸ್ಸಿನ ಹಣ ಕೇಳಬೇಕಾದವಳು, ಕೇಳುವ ಮಾತನ್ನೇ ನುಂಗಿಕೊಂಡು ಮನೆಯಲ್ಲಿ ಉಳಿದುಬಿಡುತ್ತಿದ್ದಳೆಂಬುದನ್ನು ಮಾತ್ರ ಬಲ್ಲೆವು.

ಹೊಸಪೇಟೆ, ಗದಗ, ಹುಬ್ಬಳ್ಳಿಗಳ ಮೇಲೆ ಯಲ್ಲಾಪುರಕ್ಕೆ ಬಂದು, ಅರಬೈಲು ಘಟ್ಟವನ್ನಿಳಿದರೆ ಅಂಕೋಲೆ. ದಾರಿ ದೀರ್ಘ. ಘಟ್ಟದ ಕೆಳಗೆ ಬರುತ್ತಲೇ ಗಾಳಿ ಒದ್ದೆಯಾಗುತ್ತದೆ. ಬುತ್ತಿಗೆಂದು ಕಟ್ಟಿಕೊಂಡ ಖಡಕ್ ರೊಟ್ಟಿ ಒಂದೇ ದಿವಸದಲ್ಲಿ ಮೆತ್ತಗಾಗುತ್ತದೆ. ಹೋಗುವವರು ಶೇಂಗಾ ಚಟ್ನಿ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ದರೆ ಒಳ್ಳೆಯದು. 1956ಕ್ಕೆ ಮುಂಚೆ ಈ ಕರಾವಳಿಯು ಮುಂಬಯಿಯ ಆಡಳಿತಕ್ಕೆ ಸೇರಿತ್ತು. ನಮ್ಮ ಬಳ್ಳಾರಿ ಸೀಮೆಯು 1953ರವರೆಗೆ ಮದರಾಸಿನದು. ಒಂದೇ ಕನ್ನಡವನ್ನಾಡುವ ಎರಡು ಅಡಿಗೆಮನೆಗಳು ಒಂದನ್ನೊಂದು ಇಷ್ಟು ಕಡಿಮೆ ಬಲ್ಲವಾದುದಕ್ಕೆ ಅದೂ ಒಂದು ಕಾರಣವಿರಬೇಕು.

ಗೋಕರ್ಣವನ್ನೇ ಏಕೆ ಆರಿಸಿಕೊಂಡೆವೆಂದರೆ, ಅದು ಕ್ಷೇತ್ರ. ಮಹಾಬಲೇಶ್ವರನ ಸನ್ನಿಧಿಗೆಂದು ಅಪರಿಚಿತರು ಬರುವುದು ಆ ಊರಿಗೆ ತಲೆತಲಾಂತರದಿಂದ ರೂಢಿ. ಪುರೋಹಿತರ ಮನೆಗಳಲ್ಲಿ ಯಾತ್ರಿಕರು ಇಳಿದುಕೊಳ್ಳುತ್ತಿದ್ದ ಊರು ಅದು. ಒಬ್ಬ ಹೆಂಗಸು ಚೀಲ ಹಿಡಿದು ರಥಬೀದಿಯಲ್ಲಿ ನಡೆದರೆ ಯಾರೂ ನಿಂತು ನೋಡುವುದಿಲ್ಲ. ಬರಿಯ ವಿಹಾರದ ಊರುಗಳಿಗೆ ಈ ಗುಣವಿಲ್ಲ.

ಇನ್ನು ಊಟದ ವಿಷಯ. ಮೊದಲ ದಿನ ಮಧ್ಯಾಹ್ನ ಒಂದು ಸಣ್ಣ ಊಟದ ಮನೆಯಲ್ಲಿ ಕುಳಿತೆವು. ಬಡಿಸುವ ಹುಡುಗನು ನೀರಿನ ಲೋಟಗಳನ್ನು ನಾಲ್ಕು ತಂದಿಟ್ಟು, “ಇನ್ನು ಯಾರು ಬರ್ಬೇಕು ಅಮ್ಮಾ?” ಎಂದನು. ಯಾರೂ ಇಲ್ಲವೆಂದೆವು. ಮೂರು ಲೋಟಗಳನ್ನು ಎತ್ತಿಕೊಂಡು ಹೋದನು. ಆ ಮೂರು ಲೋಟಗಳು ಹೋದಾಗ ನಮಗಾದ ಸಂಕೋಚವು ಮಾರನೆಯ ದಿನ ಅರ್ಧವಾಯಿತು. ಮೂರನೆಯ ದಿನಕ್ಕೆ ಇರಲಿಲ್ಲ. ಒಬ್ಬರೇ ಉಣ್ಣುವಾಗ ಕಣ್ಣು ಎಲೆಯ ಮೇಲೆಯೇ ಇರುವುದರಿಂದ ರುಚಿಯು ಸ್ಪಷ್ಟವಾಗಿ ತಿಳಿಯುತ್ತದೆ. ಮಕ್ಕಳಿಗೆ ಸಾಲುವುದೇ ಎಂಬ ಯೋಚನೆಯಿಲ್ಲ.

ಅಲ್ಲಿನ ಊಟದಲ್ಲಿ ನಮ್ಮವರು ಮೊದಲು ಅರಿಯಬೇಕಾದುದು ತಂಬುಳಿ. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಜೀರಿಗೆಯೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಡನೆ ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕಲಸುತ್ತಾರೆ, ಕುದಿಸುವುದಿಲ್ಲ. ಖಾರವನ್ನೇ ರುಚಿಯೆಂದು ತಿಳಿದ ನಮ್ಮ ನಾಲಿಗೆಗೆ ಮೊದಲ ತುತ್ತು ಸಪ್ಪೆ. ಬಿಸಿಲಿನಲ್ಲಿ ತಿರುಗಿ ಬಂದ ಮೇಲೆ ಅದರ ಬೆಲೆ ತಿಳಿಯುವುದು. ಅಪ್ಪೆಹುಳಿಯು ಘಟ್ಟದ ಹುಳಿಮಾವನ್ನು ಬೇಯಿಸಿ ಕಿವುಚಿ ಒಗ್ಗರಣೆ ಕೊಟ್ಟ ತಿಳಿಯಾದ ಸಾರು. ಲೋಟದಲ್ಲಿ ಕುಡಿದವರಿಗೆ ಕಣ್ಣು ತಾನಾಗಿ ಮುಚ್ಚಿಬರುತ್ತದೆಂದು ಹೇಳುವರು. ನಮಗೂ ಹಾಗೆಯೇ ಆಯಿತು. ಹೆದರಬೇಕಾದ ಕಾರಣವಿಲ್ಲ, ಎಬ್ಬಿಸಿ “ಚಹಾ ಆಯಿತೇ?” ಎನ್ನುವವರು ಅಲ್ಲಿಲ್ಲವಲ್ಲ! ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬು ಬೆಳಗಿನ ಹೊತ್ತಿಗೆ ಉತ್ತಮ. ಎಲೆಯ ಕಂಪು ಹಿಟ್ಟಿಗೆ ಇಳಿದಿರುತ್ತದೆ. ಕಾಗದದಂಥ ತೆಳುವಾದ ದೋಸೆಗೆ ಅಲ್ಲಿನ ಕೆಲವು ಮನೆಗಳಲ್ಲಿ ತೆಳ್ಳೇವು ಎಂದು ಹೆಸರು. ಮನೆಗೆ ಬಂದವರಿಗೆ “ಆಸರಿಗೆ ಎಂತ ಬೇಕು?” ಎನ್ನುವರು, ದಣಿವಿಗೆ ಕುಡಿಯಲು ಏನು ಕೊಡಲಿ ಎಂದರ್ಥ. ಮುರುಗಲ ಹಣ್ಣಿನ ಕೆಂಪು ಪಾನಕವನ್ನು ಕೇಳಿಕೊಳ್ಳತಕ್ಕದ್ದು.

ಮೀನು ತಿನ್ನುವವರಿಗೆ ಬಂಗಡೆ, ತಾರ್ಲೆ, ಇಸ್ವಾಣಗಳುಂಟು. ಸಮೀಪದ ತದಡಿಯು ಮೀನುಗಾರಿಕೆಯ ಬಂದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ತೀರದಲ್ಲಿ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ, ಅದು ಮೀನು ಮರಿಮಾಡುವ ಕಾಲ. ಆ ತಿಂಗಳುಗಳಲ್ಲಿ ಹಸಿ ಮೀನು ದುರ್ಲಭ. ನಾವು ಮೀನು ತಿನ್ನುವವರಲ್ಲ; ಆದರೂ ಬುಟ್ಟಿಯ ಮುಂದೆ ಕುಳಿತ ಮೀನುಗಾರ ಹೆಂಗಸರು ದರ ಕಟ್ಟುವ ಜಾಣತನವನ್ನು ಅರ್ಧಗಂಟೆ ನಿಂತು ನೋಡಿದೆವು. ಅವರ ಆಚೆಗೆ ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಹೆಂಗಸರು ಸೊಪ್ಪು, ಕಾಯಿಪಲ್ಲೆ ಮಾರುತ್ತಾರೆ. ಕೊಟ್ಟೂರಿನ ಮಿರ್ಚಿ ಮಂಡಕ್ಕಿಗೆ ಸಮನಾದುದು ಅಲ್ಲಿ ದೊರೆಯಿತೇ ಎಂದು ಹಿಂದಿರುಗಿದ ಮೇಲೆ ನಮ್ಮನ್ನು ಕೇಳಿದವರುಂಟು. ದೊರೆಯಲಿಲ್ಲ.

ಏಕಾಂತವನ್ನು ಅರಸುವವರು ಶನಿವಾರ ಭಾನುವಾರಗಳನ್ನೂ ಶಿವರಾತ್ರಿಯ ರಥೋತ್ಸವದ ದಿನಗಳನ್ನೂ ಬಿಟ್ಟು ಹೋಗಬೇಕು. ಊರ ಮುಂದಿನ ದಂಡೆಯ ದಕ್ಷಿಣದ ತುದಿಯಲ್ಲಿ ರಾಮತೀರ್ಥವಿದೆ. ಕಡಲಿಗೆ ಇಷ್ಟು ಹತ್ತಿರದಲ್ಲಿ ಸಿಹಿನೀರು ಬೀಳುವುದು ನಮ್ಮ ಕಡೆಯವರಿಗೆ ಅಚ್ಚರಿಯೇ. ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಇನ್ನೂ ಮುಂದೆ ಓಂಕಾರದ ಆಕಾರದ ಓಂ ದಂಡೆ. ಇವೆರಡರಲ್ಲೂ ಜನವುಂಟು, ಸಂಗೀತವುಂಟು. ಅವುಗಳಾಚೆಯ ಹಾಫ್ ಮೂನ್ ಮತ್ತು ಪ್ಯಾರಡೈಸ್ ಎಂಬ ದಂಡೆಗಳಿಗೆ ಗಾಡಿಯ ದಾರಿಯಿಲ್ಲ. ನಡೆದು ಹೋಗಬೇಕು, ಇಲ್ಲವೆ ದೋಣಿ ಹಿಡಿಯಬೇಕು. ಒಬ್ಬರೇ ಇರುವವರು ಆ ಕಾಲುದಾರಿಯಿಂದ ಹೊತ್ತು ಮುಳುಗುವುದರೊಳಗೆ ಹಿಂದಿರುಗತಕ್ಕದ್ದು.

ನಮಗೆ ಎಲ್ಲಕ್ಕಿಂತ ಹಿತವಾದುದು ಈ ಹೆಸರಾದ ದಂಡೆಗಳಲ್ಲ. ಬೆಳಗಿನ ಕೋಟಿತೀರ್ಥದ ಮೆಟ್ಟಿಲು. ಸಾಣಿಕಟ್ಟೆಯ ಉಪ್ಪಿನ ಗದ್ದೆಗಳ ಬದು. ಉಬ್ಬರದ ನೀರನ್ನು ಪಾತಿಗಳಲ್ಲಿ ನಿಲ್ಲಿಸಿ ಬಿಸಿಲಿಗೆ ಬಿಟ್ಟು, ಹರಳುಗಟ್ಟಿದ ಉಪ್ಪನ್ನು ಎಳೆದು ರಾಶಿ ಮಾಡುತ್ತಾರೆ. ಮಳೆ ಬಂದಿತೆಂದರೆ ಆ ವರ್ಷದ ಕೆಲಸ ಮುಗಿಯಿತು. ದಿನವೂ ಉಪ್ಪಿನ ಡಬ್ಬಿಗೆ ಕೈ ಹಾಕುವ ನಾವು ಉಪ್ಪು ಹುಟ್ಟುವುದನ್ನು ನೋಡಿದ್ದು ಅದೇ ಮೊದಲು. ಸಮೀಪದ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕಾಯಿದೆ ಮುರಿದು ಉಪ್ಪು ತೆಗೆದ ಸಂಗತಿಯು ಆ ಬದುವಿನ ಮೇಲೆ ನಿಂತಾಗ ಬೇರೆಯೇ ಆಗಿ ತೋರುತ್ತದೆ. ಓದುವ ಹವ್ಯಾಸವುಳ್ಳವರು ಚೀಲದಲ್ಲಿ ಯಶವಂತ ಚಿತ್ತಾಲರದೊಂದು ಪುಸ್ತಕವನ್ನಿಟ್ಟುಕೊಳ್ಳಲಿ. ಅವರು 1928ರಲ್ಲಿ ಜನಿಸಿದ ಹನೇಹಳ್ಳಿಯು ಗೋಕರ್ಣದ ನೆರೆಯಲ್ಲೇ ಇದೆ.

ಕಡಲಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆವು. ಕೆರೆಯಲ್ಲೋ ಹಿನ್ನೀರಿನಲ್ಲೋ ಈಜು ಕಲಿತವರಿಗೆ ಸಮುದ್ರವು ಬೇರೆಯೇ ವಸ್ತು. ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ನಿನ್ನೆ ಕುಳಿತಿದ್ದ ಬಂಡೆಯ ಸುತ್ತ ಇಂದು ನೀರು ಆವರಿಸಬಹುದು. ದಡಕ್ಕೆ ಬಂದ ನೀರು ಕೆಲವೆಡೆ ಇಕ್ಕಟ್ಟಾದ ಸೆಳವಾಗಿ ಹಿಂದೆ ಓಡುತ್ತದೆ; ಅಲ್ಲಿ ಅಲೆಗಳು ಕಡಿಮೆಯಿದ್ದು ನೀರು ಶಾಂತವಾಗಿ ಕಾಣುವುದರಿಂದಲೇ ಹೊರಗಿನವರು ಅಲ್ಲಿಗೆ ಇಳಿಯುವರು. ಸಿಕ್ಕಿಕೊಂಡವರು ದಡದತ್ತ ಹೆಣಗಾಡದೆ, ದಂಡೆಗೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಹೊರಬಂದು ಆಮೇಲೆ ದಡ ಸೇರಬೇಕು. ಮಳೆಗಾಲದಲ್ಲಿ ನೀರಿಗೆ ಇಳಿಯಲೇಬಾರದು. ಜೊತೆಯಲ್ಲಿ ಯಾರೂ ಇಲ್ಲದವರಿಗೆ ಮೊಣಕಾಲಷ್ಟು ನೀರು ಸಾಕು. ನಾವಂತೂ ಅದನ್ನು ಮೀರಲಿಲ್ಲ.

ಕೊನೆಯ ಎರಡು ದಿನಗಳನ್ನು ಅಘನಾಶಿನಿಯ ಕಡೆ ಕಳೆದೆವು. ಅಣೆಕಟ್ಟಿನ ಊರಿನವರಾದ ನಮಗೆ ಅಡ್ಡಗಟ್ಟದ ಹೊಳೆಯೊಂದು ತನ್ನ ಪಾಡಿಗೆ ಕಡಲು ಸೇರುವುದನ್ನು ನೋಡಬೇಕೆಂಬ ಆಸೆಯಿತ್ತು. ಅದರ ಅಳಿವೆಯಲ್ಲಿ ಉಪ್ಪುನೀರನ್ನು ತಡೆದುಕೊಂಡು ಬೆಳೆಯುವ ಕಗ್ಗ ಎಂಬ ಭತ್ತವುಂಟು. ಇಳಿತದ ಹೊತ್ತಿನಲ್ಲಿ ಜನರು ಕೆಸರಿಗಿಳಿದು ಬಳಚು ಎಂಬ ಚಿಪ್ಪಿನ ಜೀವಿಯನ್ನು ಹೆಕ್ಕುತ್ತಾರೆ. ಎಷ್ಟೋ ಮನೆಗಳ ಸಾರೂ ಸಂಬಳವೂ ಅದೇ. ಈ ಅಳಿವೆಯ ಮೇಲೆ ದೊಡ್ಡ ಬಂದರು ಮೊದಲಾದ ಯೋಜನೆಗಳ ಮಾತು ಆಗಾಗ ಎದ್ದಿದೆ. ದೋಣಿ ನಡೆಸುವವರು ಆ ಮಾತನ್ನೆತ್ತಿದರೆ ದನಿ ತಗ್ಗಿಸುವರು. 2024ರ ಜನವರಿಯ ಕೊನೆಯಲ್ಲಿ ಅಘನಾಶಿನಿಯ ಅಳಿವೆಯು ರಾಮ್ಸರ್ ಒಪ್ಪಂದದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಒಪ್ಪಂದವದು. ಅದೇ ಸಲ ಪಟ್ಟಿಗೆ ಸೇರಿದ ಇನ್ನೊಂದು ಹೆಸರು ನಮ್ಮ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ! ಅಳಿವೆಯು 4,800 ಹೆಕ್ಟೇರಿನಷ್ಟು. ನಮ್ಮ ಕೆರೆಯು ನೂರು ಹೆಕ್ಟೇರಿಗೂ ಸ್ವಲ್ಪ ಕಡಿಮೆ. ಕೆರೆಯ ನಡುವಿನ ಕರಿಜಾಲಿಯ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಐದು ದಿವಸ ಮನೆ ಬಿಡಲಾಗದ ಗೃಹಿಣಿಯರು ಬುತ್ತಿ ಕಟ್ಟಿಕೊಂಡು ಒಂದು ಬೆಳಗ್ಗೆ ಅಲ್ಲಿಗಾದರೂ ಒಬ್ಬರೇ ಹೋಗಿ, ಏರಿಯ ಮೇಲೆ ಕುಳಿತು, ಬುತ್ತಿಯನ್ನು ತಾವೇ ಮೊದಲು ಬಿಚ್ಚಿ ಉಣ್ಣಬಹುದು.

ಗೋಕರ್ಣದಿಂದ ತರಬೇಕಾದ ವಸ್ತುವೆಂದರೆ ಒಣಗಿಸಿದ ಮುರುಗಲ ಸಿಪ್ಪೆ. ಕಪ್ಪಗೆ, ಮೆತ್ತಗೆ ಇರುವುದನ್ನು ಆರಿಸಿಕೊಳ್ಳಬೇಕು; ತೀರ ಒಣಗಿ ಚೂರಾಗುವುದು ಹಳೆಯದು. ನಾಲ್ಕು ಸಿಪ್ಪೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ಕಿವುಚಿ, ಉಪ್ಪು, ಚೂರು ಬೆಲ್ಲ ಸೇರಿಸಿ ಕುದಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟರೆ ಹುಣಸೆಹಣ್ಣಿಲ್ಲದ ಸಾರು ಸಿದ್ಧ. ರೊಟ್ಟಿಗೆ ಇದು ಹೊಂದುವುದಿಲ್ಲ. ಬಿಸಿ ಅನ್ನಕ್ಕೆ ಹಾಕಿಕೊಳ್ಳಬೇಕು. ನಮ್ಮ ಮನೆಯಲ್ಲಿ ಮೊದಲ ದಿನ ಎಲ್ಲರೂ ಮೂಗು ಮುರಿದರು. ಎರಡನೆಯ ಸಲ ಮಾಡಿದಾಗ ಪಾತ್ರೆಯ ತಳದಲ್ಲಿ ನಮಗೆ ಒಂದು ಸೌಟೂ ಉಳಿದಿರಲಿಲ್ಲ. ಮೂರನೆಯ ಸಲ ನಾವು ಮೊದಲೇ ಒಂದು ಬಟ್ಟಲು ಬೇರೆ ತೆಗೆದಿಟ್ಟುಕೊಂಡೆವು.